ಡೆಲ್ಮರ್‌ನ ಜಾಗ

ಯುದ್ಧಕಾಲದ ಆ ವಾಯುನೆಲೆಯಲ್ಲಿ ಬೆಳಿಗ್ಗೆ ತಟ್ಟೆಗೆ ಒಣ ಮೊಟ್ಟೆಪುಡಿ ಕಲಸಿದ್ದರ ಬದಲು ನಿಜವಾದ ಮೊಟ್ಟೆ ಬಿದ್ದಾಗಲೇ ಎಲ್ಲರಿಗೂ ಗೊತ್ತಾಗಿತ್ತು, ಇವತ್ತು ಜರ್ಮನಿಯ ಮೇಲೆ ಬಾಂಬ್ ಹಾಕಲು ಹೋಗುವುದಿದೆ ಅಂತ. ಡೆಲ್ಮರ್ ತನ್ನದೊಂದು ಮೊಟ್ಟೆಯನ್ನು ವೆರ್ನನ್‌ನ ತಟ್ಟೆಗೆ ತಳ್ಳಿ, ಬಾಲ ಕಾಯುವವನು ಹೊಟ್ಟೆ ತುಂಬ ತಿನ್ನಬೇಕಪ್ಪ ಎಂದು ರೇಗಿಸಿದ್ದ. ಇಬ್ಬರೂ ಅಮೆರಿಕದ ನೆಬ್ರಾಸ್ಕಾದ ಒಂದೇ ಊರಿನವರು, ಇಬ್ಬರೂ ಪೈಲಟ್‌ಗಳು. ಹದಿನೆಂಟು ಬಾಂಬರ್‌ಗಳ ಗುಂಪಿನಲ್ಲಿ ವೆರ್ನನ್‌ನದು ಕಟ್ಟಕಡೆಯ, ಬಾಲದ ವಿಮಾನ, ಅದರ ಮುಂದಿನದು ಡೆಲ್ಮರ್‌ನದು.

ಒತ್ತಾಗಿ ಹಾರಿದರೆ ಒಬ್ಬರ ಬಂದೂಕು ಇನ್ನೊಬ್ಬರ ಬೆನ್ನು ಕಾಯುತ್ತದೆ. ಸಂದಿ ಬಿಟ್ಟಿರೋ, ಶತ್ರು ಅಲ್ಲೇ ನುಗ್ಗುತ್ತಾನೆ. ಅದಕ್ಕೇ ಯಾರಾದರೂ ಹಿಂದೆ ಬಿದ್ದರೆ ಹಿಂದಿನವನು ತಕ್ಷಣ ಮುಂದೆ ಸರಿದು ಆ ಜಾಗ ತುಂಬಬೇಕು, ಬಿದ್ದವನಿಗಾಗಿ ಯಾರೂ ಕಾಯುವಂತಿಲ್ಲ. ಹಾರುವ ಮುಂಚೆ ಬೆಚ್ಚಗಿನ ಕೋಣೆಯಲ್ಲಿ ಕೂತು ಪಾಠ ಕೇಳುವಾಗ ಇದೆಲ್ಲ ಎಷ್ಟು ಸಲೀಸು!

ಮಧ್ಯಾಹ್ನ ಶತ್ರುವಿನ ಫೈಟರ್‌ಗಳು ಎದುರಿನಿಂದಲೇ ಮೇಲೆ ಬಿದ್ದವು. ಡೆಲ್ಮರ್‌ನ ಒಂದು ಎಂಜಿನ್‌ಗೆ ಬೆಂಕಿ ಹತ್ತಿ ವಿಮಾನ ಕೆಳಗೆ ಜಾರಿತು. ಹೇಳಿಕೊಟ್ಟಂತೆ ವೆರ್ನನ್ ಮುಂದೆ ಸರಿದು ಸಂದಿ ಮುಚ್ಚಿದ. ಅಲ್ಲಿಗೆ ಮುಗಿಯಿತು ಅಂದುಕೊಂಡರೆ, ಬೆಂಕಿ ಆರಿಸಿಕೊಂಡ ಡೆಲ್ಮರ್ ಉಳಿದ ಮೂರು ಎಂಜಿನ್‌ಗಳಲ್ಲೇ ಏದುತ್ತ ಮೇಲಕ್ಕೆ ಬಂದೇಬಿಟ್ಟ. ಖಾಲಿ ಇದ್ದದ್ದು ಬಾಲದ ಜಾಗ ಒಂದೇ. ಬಾಲದವನು ಗುಂಪಿನ ಜೊತೆ ಉಳಿಯಲು ಎಲ್ಲರಿಗಿಂತ ಜೋರಾಗಿ ಎಂಜಿನ್ ಓಡಿಸಬೇಕು. ಮೂರರಲ್ಲಿ ಅದು ಆಗದ ಮಾತು.

ರೇಡಿಯೋದಲ್ಲಿ ಡೆಲ್ಮರ್‌ನ ದನಿ ಕೇಳಿತು. "ವೆರ್ನಾ, ಸ್ವಲ್ಪ ಸರ್ಕೊಳೋ. ನಾನ್ ಬಂದೆ."

ಪಕ್ಕದಲ್ಲಿದ್ದ ಸಹಪೈಲಟ್ ಓರಿನ್ ಇವನ ಮುಖ ನೋಡಿದ. ವೆರ್ನನ್ ವಿಮಾನವನ್ನು ಸರಿಸಲಿಲ್ಲ. ಜಾಗ ಅದಲುಬದಲು ಮಾಡಲು ಅರ್ಧ ನಿಮಿಷ ಬೇಕು, ಅಷ್ಟರಲ್ಲಿ ಇಡೀ ಗುಂಪಿನಲ್ಲಿ ಸಂದಿ ಬೀಳುತ್ತಿತ್ತು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಸುಳ್ಳಲ್ಲ. ಆದರೆ ಆ ಗಳಿಗೆಯಲ್ಲಿ ಅವನ ತಲೆಯಲ್ಲಿ ಗುಂಪೂ ಇರಲಿಲ್ಲ, ನಿಯಮವೂ ಇರಲಿಲ್ಲ. ಬೆನ್ನು ಕಾಯುವವರೇ ಇಲ್ಲದ ಆ ಬಾಲಕ್ಕೆ ಮತ್ತೆ ಹೋಗಲಾರೆ ಎಂಬ ಹೆದರಿಕೆ ಒಂದೇ ಇತ್ತು.

"ವೆರ್ನಾ, ಕೇಳಿಸ್ತಾ?"

ಕೇಳಿಸಿತ್ತು. ಅವನು ಮುಂದಿನ ವಿಮಾನಕ್ಕೆ ಇನ್ನಷ್ಟು ಒತ್ತಿಕೊಂಡ. ನಾಲ್ಕು ಫೈಟರ್‌ಗಳು ಗುಂಪನ್ನು ಬಿಟ್ಟು ಒಂಟಿ ವಿಮಾನದ ಕಡೆ ತಿರುಗಿದವು. ಒಂದೇ ನಿಮಿಷ. ಅದರಲ್ಲಿದ್ದ ಹತ್ತು ಜನರಲ್ಲಿ ಮೂವರ ಪ್ಯಾರಾಚೂಟ್ ಬಿಚ್ಚಿದ್ದನ್ನು ಹಿಂದಿನ ಗನ್ನರ್ ಎಣಿಸಿ ಹೇಳಿದ. ಡೆಲ್ಮರ್‌ನ ದನಿ ಮತ್ತೆ ಬರಲಿಲ್ಲ.

ಇಳಿದ ಮೇಲೆ ಕಮಾಂಡರ್ ಬೆನ್ನು ತಟ್ಟಿದರು. ಇವತ್ತು ಸಾಲು ಒಡೆಯದೆ ಉಳಿದದ್ದು ನಿನ್ನಿಂದ, ನಾಳೆಯಿಂದ ಆ ಜಾಗ ನಿನ್ನದೇ ಎಂದು ಯಾರ ಜಾಗ ಯಾವುದೆಂದು ಬರೆಯುವ ಹಲಗೆಯ ಮೇಲಿದ್ದ ಡೆಲ್ಮರ್‌ನ ಹೆಸರು ಒರೆಸಿ ಇವನದನ್ನು ಬರೆದರು. ವೆರ್ನನ್ ಆಗಲಿ ಅಂದ. ಅಂದನಲ್ಲ ಪುಣ್ಯಾತ್ಮ, ಅದನ್ನು ಅವನಿಗೇ ನಂಬಲಾಗಲಿಲ್ಲ.

ಊಟದ ಮನೆಯಲ್ಲಿ ಬೆಂಚು ತುಂಬಿತ್ತು. ಅಲ್ಲಿದ್ದ ಪೈಲಟ್‌ಗಳೆಲ್ಲ ರೇಡಿಯೋದಲ್ಲಿ ಡೆಲ್ಮರ್‌ನ ಆ ಮಾತು ಕೇಳಿದ್ದವರೇ. ತಟ್ಟೆ ಹಿಡಿದು ನಿಂತ ಇವನನ್ನು ಕಂಡು ಓರಿನ್ ಪಕ್ಕದವರನ್ನು ಮೊಣಕೈಯಿಂದ ತಿವಿದ.

"ಸ್ವಲ್ಪ ಸರ್ಕೊಳ್ರೋ, ವೆರ್ನನ್ ಬಂದ."

ಎಲ್ಲರೂ ತಕ್ಷಣ ಸರಿದರು. ಒಬ್ಬರು ಕೂರುವಷ್ಟು ಜಾಗವಾಯಿತು. ವೆರ್ನನ್ ಅದನ್ನೇ ನೋಡುತ್ತ ನಿಂತ, ಕೂರಲು ಅವನಿಂದಾಗಲಿಲ್ಲ.