ಎರಡು ಕೋಲು, ಒಂದು ಕಂಬಳಿ

ವನದುರ್ಗದ ಆಚೆಗಿನ ಆ ಪುಟ್ಟ ಸರಕಾರಿ ಆಸ್ಪತ್ರೆಯ ಮುಂದೆ ಒಂದು ಬೋರ್ಡಿದೆ: ‘ವೈದ್ಯರ ಮೇಲೆ ಹಲ್ಲೆ ಮಾಡಿದರೆ ಜೈಲು.’ ಊರವರು ಅದಕ್ಕೆ ಕೊಡುವ ಮರ್ಯಾದೆ ಇಷ್ಟೇ, ಅದರ ಕಂಬಕ್ಕೆ ಆಡು ಕಟ್ಟುತ್ತಾರೆ. ಡಾಕ್ಟರ್ ನಾಗಲಕ್ಷ್ಮಿಗೂ ಅದರ ಮೇಲೆ ಭರವಸೆಯಿರಲಿಲ್ಲ. ಹಿಂದಿನ ಊರಿನಲ್ಲಿ ಅಂಥದೇ ಬೋರ್ಡಿನ ಕೆಳಗೆ ನಿಂತು ಕಪಾಳಕ್ಕೆ ತಿಂದು ಬಂದವಳು ಆಕೆ.

ಅಂದು ಮಧ್ಯಾಹ್ನ ಕುರಿಗಾರ ಮಲ್ಕಪ್ಪ ತನ್ನ ಸೊಸೆ ನಂದಿನಿಯನ್ನು ಹೆರಿಗೆಗೆಂದು ಕರೆತಂದ. ಬೆನ್ನಿಗೆ ಅರ್ಧ ಊರು. ಕೂಸು ಹೊಟ್ಟೆಯಲ್ಲಿ ಅಡ್ಡ ತಿರುಗಿತ್ತು. ಶಹಾಪುರಕ್ಕೆ ಒಯ್ದು ಆಪರೇಷನ್ ಮಾಡಿಸದಿದ್ದರೆ ತಾಯಿಯೂ ಇಲ್ಲ, ಕೂಸೂ ಇಲ್ಲ. ಅಂಬುಲೆನ್ಸ್ ಬಂದಿತ್ತು, ಆದರೆ ಹಳ್ಳದ ಆಚೆ ದಂಡೆಗೆ. ಬೆಳಗಿನ ಮಳೆಗೆ ರಸ್ತೆ ಕೊಚ್ಚಿಹೋಗಿ ನೀರು ಮೊಣಕಾಲುದ್ದ ಹರಿಯುತ್ತಿತ್ತು.

“ಇಲ್ಲಿ ಆಗೂದಿಲ್ರಿ,” ಎಂದಳು ನಾಗಲಕ್ಷ್ಮಿ.

“ಆಗೂದಿಲ್ಲಂದ್ರ ಪಗಾರ ಯಾತಕ್ಕ ತಗೋತಿ?” ಮಲ್ಕಪ್ಪ ಕೋಲೆತ್ತಿದ.

“ಬಿಡಬ್ಯಾಡ ಕಾಕಾ!” ಹಿಂದೆ ಕೋಲು ಹಿಡಿದು ನಿಂತಿದ್ದ ಒಬ್ಬ ಹುರಿದುಂಬಿಸಿದ. ಬಸುರಿಯನ್ನು ಹೊರಲು ಮುಂದೆ ಬಾರದ ಕೈಗಳೆಲ್ಲ ಹೊಡೆಯಲು ತಯಾರು!

ನಾಗಲಕ್ಷ್ಮಿ ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದಳು. ಒಳಗೋಡಿ ಚಿಲಕ ಹಾಕಿಕೊಳ್ಳೋಣವೆನ್ನಿಸಿತು. ಆದರೆ ನಂದಿನಿ ಆಕೆಯ ಕೋಟು ಹಿಡಿದಿದ್ದಳು, ಬಿಡಲೊಲ್ಲಳು.

“ಕೋಲು ತಾ ಇಲ್ಲಿ!” ಅರಚಿದಳು ನಾಗಲಕ್ಷ್ಮಿ, ತನ್ನ ದನಿಗೆ ತಾನೇ ಬೆಚ್ಚಿದಳು. “ಹೆಗಲ ಮ್ಯಾಲಿನ ಕಂಬಳೀನೂ ತಾ. ಏ, ಬಿಡಬ್ಯಾಡ ಅಂದಾಂವ, ನಿನ್ನ ಕೋಲೂ ಬೇಕು. ಹೆಣಾ ಹೊರಾಕ ನಾಕು ಮಂದಿ ಓಡಿ ಬರ್ತೀರಿ, ಜೀವ ಇದ್ದಾಗ ಹೊರ್ರಿ!”

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಈ ಗುಂಪಿಗೂ ಬೇಕಾಗಿದ್ದದ್ದು ಒಂದು ಕೆಲಸ. ಕಂಬಳಿಯ ಅಂಚುಗಳನ್ನು ಎರಡೂ ಕೋಲಿಗೆ ಬಿಗಿಯಾಗಿ ಸುತ್ತಿದರು, ನಂದಿನಿಯನ್ನು ಮಲಗಿಸಿದರು, ಹೊತ್ತರು. ಸಲೈನ್ ಬಾಟಲಿ ಎತ್ತಿ ಹಿಡಿದು ನಾಗಲಕ್ಷ್ಮಿಯೂ ನೀರಿಗಿಳಿದಳು.

ಸಂಜೆ ಶಹಾಪುರದಲ್ಲಿ ಹೆಣ್ಣು ಕೂಸು ಅತ್ತಿತು, ತಾಯಿಯೂ ಉಳಿದಳು. ಮಲ್ಕಪ್ಪ ಅಲ್ಲಿನ ಆಸ್ಪತ್ರೆಯ ಮೆಟ್ಟಿಲ ಬಳಿ ಕೈಮುಗಿದು ನಿಂತ.

“ಮನಸಿಗಿ ಹಚ್ಚಿಕೋಬ್ಯಾಡ್ರಿ ಬಾಯಾರ. ಅಂಜಿಕಿ ಆಗಿತ್ರಿ, ಅದಕ್ಕ ಕೋಲು ಎತ್ತಿದ್ನಿ.”

ನಾಗಲಕ್ಷ್ಮಿ ತೋಯ್ದ ಕೋಟಿನ ಅಂಚು ಹಿಂಡಿದಳು.

“ಅಂಜಿಕಿ ನನಗೂ ಆಗಿತ್ತು ಕಾಕಾ,” ಎಂದಳು. “ನಾ ಯಾರಿಗಿ ಹೊಡೀಲಿ?”