ಮೂಗು ಬಾಯಿ ಕಾಣುವಂತೆ

ನಮ್ಮ ಸಾಂತಾ ಬೆನಿಲ್ಡಾ ಊರಿನಲ್ಲಿ ಮೊದಲೆಲ್ಲ ಮುಖ ಮುಚ್ಚಿಕೊಂಡವನು ಕಂಡರೆ ಪೊಲೀಸರಿಗೆ ಫೋನ್ ಮಾಡುತ್ತಿದ್ದೆವು. ಈಗ ಮುಖ ಮುಚ್ಚಿಕೊಂಡು ಬರುವವರೇ ಪೊಲೀಸರು. ಇನ್ನು ಫೋನ್ ಯಾರಿಗೆ ಮಾಡುವುದು, ಪಾದ್ರಿಗಾ?

ನನ್ನ ಹೆಸರು ಓಫೆಲಿಯಾ. ನಾಣ್ಯ ಹಾಕಿದರೆ ತಿರುಗುವ ವಾಷಿಂಗ್ ಮೆಷಿನ್ನುಗಳ ಲಾಂಡ್ರಿ ನನ್ನದು. ಊರಿನ ಅರ್ಧ ಜನರ ಒಳಉಡುಪಿನ ಪರಿಚಯ ನನಗಿದೆ. ಹಾಗಾಗಿ ಯಾರ ದೊಡ್ಡಸ್ತಿಕೆಯೂ ನನ್ನ ಮುಂದೆ ನಡೆಯುವುದಿಲ್ಲ. ಪೊಲೀಸ್ ಮುಖ್ಯಸ್ಥ ಕಿಂಬಲ್‌ನದಂತೂ ನಡೆಯುವುದೇ ಇಲ್ಲ, ಅವನ ಹೆಂಡತಿ ಬಟ್ಟೆ ತರುವುದು ಇಲ್ಲಿಗೇ. ನನ್ನ ಒಬ್ಬನೇ ಮಗ ರೊಹೇಲಿಯೊ ಅದೇ ಕಿಂಬಲ್‌ನ ಕೈಕೆಳಗೆ ಪೊಲೀಸ್.

ಮೇ ತಿಂಗಳ ಒಂದು ಮಧ್ಯಾಹ್ನ ನನ್ನ ಲಾಂಡ್ರಿಯ ಎದುರೇ ಐಸ್‌ಕ್ಯಾಂಡಿ ಗಾಡಿಯ ಚೇಮಾನನ್ನು ಹಿಡಿದುಕೊಂಡು ಹೋದರು. ವ್ಯಾನಿಗೆ ನಂಬರಿಲ್ಲ. ಇಳಿದವರೆಲ್ಲರಿಗೂ ಕಣ್ಣಿನ ಕೆಳಗಿನಿಂದ ಕುತ್ತಿಗೆಯವರೆಗೆ ಕಪ್ಪು ಬಟ್ಟೆ. ವಲಸೆ ಬಂದವರನ್ನು ಹಿಡಿಯುವ ಕೇಂದ್ರ ಸರ್ಕಾರದವರು ಕೆಲವರು, ಅವರ ನೆರವಿಗೆ ಹೋದ ನಮ್ಮೂರಿನವರು ಕೆಲವರು ಅಂತ ಆಮೇಲೆ ಸುದ್ದಿ. ಚೇಮಾ ಮುದುಕ. ಈ ದೇಶದಲ್ಲಿರಲು ಕಾಗದಪತ್ರ ಇರಲಿಲ್ಲ, ನಿಜ. ಅವನ ಬಳಿ ಇದ್ದ ಆಯುಧವೆಂದರೆ ಹುಣಸೆಹಣ್ಣಿನ ಕ್ಯಾಂಡಿ. ನಾನು ಕಿರುಚಿಕೊಂಡು ಹೊರಗೆ ಓಡುವಷ್ಟರಲ್ಲಿ ಅವನನ್ನು ಒಳಗೆ ತುರುಕಿದ್ದರು. ಅವರಲ್ಲೊಬ್ಬ ನನ್ನನ್ನು ನೋಡಿದ. ನೋಡಿ ತಟ್ಟನೆ ತಲೆ ಬಗ್ಗಿಸಿದ.

ಆ ತಲೆ ಬಗ್ಗಿಸಿದ್ದು ನನ್ನ ಕಣ್ಣಿಂದ ಹೋಗಲಿಲ್ಲ. ಎತ್ತರವೇನೋ ನನ್ನ ಮಗನದೇ. ಆದರೆ ಆ ಜಾಕೆಟ್ಟು ಹಾಕಿದರೆ ಎಲ್ಲರೂ ಫ್ರಿಜ್ಜಿನ ಹಾಗೇ ಕಾಣುತ್ತಾರೆ. ಕಾಲುಚೀಲಗಳ ರಾಶಿಯಲ್ಲಿ ಮಗನದು ಯಾವುದೆಂದು ಕಣ್ಣುಮುಚ್ಚಿ ಹೇಳಬಲ್ಲ ನಾನು, ಮಗನನ್ನೇ ಗುರುತಿಸಲಾರದೆ ಹೋದೆ.

ಭಾನುವಾರ ಅವನು ಊಟಕ್ಕೆ ಬಂದ. ಮೆಕ್ಕೆಜೋಳದ ಪೊಸೋಲೆ ಸಾರು ಬಡಿಸುತ್ತ ಕೇಳಿದೆ.

"ಚೇಮಾನ ಹಿಡಿದಾಗ ನೀನಿದ್ಯೇನೋ?"

"ಅಮ್ಮಾ, ಡ್ಯೂಟಿ ವಿಷ್ಯ ಮನೇಲಿ ಬೇಡ."

"ಇದ್ದೆ ಅಂತೀಯೋ, ಇಲ್ಲ ಅಂತೀಯೋ?"

"ಇನ್ನೊಂಚೂರು ಮೂಲಂಗಿ ಹಾಕು."

ಹಾಕಿದೆ. ಹೆತ್ತವಳು, ಇನ್ನೇನು ಮಾಡಲಿ? ಮುಂದಿನ ಭಾನುವಾರವೂ ಇದೇ ಪ್ರಶ್ನೆ, ಇದೇ ಮೂಲಂಗಿ. ಎದುರು ಮನೆಯಲ್ಲಿ ಚೇಮಾನ ಹೆಂಡತಿ ಎವುಲಾಲಿಯಾ ಒಲೆಯನ್ನೇ ಹಚ್ಚುತ್ತಿರಲಿಲ್ಲ. ಯಾವ ಸೆರೆಮನೆಗೆ ಫೋನ್ ಮಾಡಿದರೂ ಚೇಮಾ ಅರಿಯಾಗಾ ಎನ್ನುವವನು ನಮ್ಮಲ್ಲಿಲ್ಲ ಎಂಬ ಉತ್ತರ. ಕಿಂಬಲ್‌ನ ಠಾಣೆಗೆ ನಾನೇ ಅವಳನ್ನು ಕರೆದುಕೊಂಡು ಹೋದೆ. ಅಲ್ಲಿನವನು, "ಯಾರು ಹಿಡಿದಿದ್ದು ಅಂತ ಮುಖ ನೋಡಿದ್ರೆ ಹೇಳಿ, ವಿಚಾರಿಸ್ತೀವಿ" ಅಂದ. ಹೇಳಿದವನ ಮುಖಕ್ಕೂ ಬಟ್ಟೆ!

ಅಷ್ಟರಲ್ಲಿ ನಗರಸಭೆಗೆ ಒಂದು ನಿಯಮ ಬಂತು. ನಮ್ಮೂರಿನ ಪೊಲೀಸರು, ಯಾರ ಜೊತೆ ಹೋದರೂ ಸರಿ, ಡ್ಯೂಟಿಯಲ್ಲಿ ಮೂಗು ಬಾಯಿ ಕಾಣುವಂತೆ ಇರಬೇಕು. ಹೊಗೆ ಇದ್ದರೆ, ಕಾಯಿಲೆ ಇದ್ದರೆ ಮಾತ್ರ ರಿಯಾಯಿತಿ. ಚರ್ಚೆಯ ದಿನ ಊರಿಗೆ ಊರೇ ಸೇರಿತ್ತು. ಪೊಲೀಸರು ಗೋಡೆಗೆ ಸಾಲಾಗಿ ನಿಂತಿದ್ದರು. ಕಿಂಬಲ್ ಎದೆಯ ಮೇಲೆ ಕೈಯಿಟ್ಟುಕೊಂಡು, "ನಮ್ಮ ಹುಡುಗ್ರ ಮುಖ ಗೊತ್ತಾದ್ರೆ ಅವರ ಮನೆಯವ್ರಿಗೆ ಅಪಾಯ" ಎಂದು ಗದ್ಗದಿತನಾದ. ಆಮೇಲೆ ನನ್ನ ಸರದಿ.

"ಸಾಹೇಬ್ರೇ, ಆ ಮನೆಯವ್ರು ಅಂದ್ರೆ ನಾನೇ," ಅಂದೆ. "ರೊಹೇಲಿಯೊ ನನ್ನ ಮಗ ಅಂತ ಈ ಊರಿನ ನಾಯಿಗಳಿಗೂ ಗೊತ್ತು. ನನಗಿನ್ನೂ ಏನೂ ಆಗಿಲ್ಲ, ಗುಂಡುಕಲ್ಲಿನ ಹಾಗೆ ನಿಂತಿದ್ದೀನಿ. ಊರಿಗೆಲ್ಲ ಗೊತ್ತಿರೋ ಮುಖಾನ ಯಾರಿಂದ ಬಚ್ಚಿಡ್ತಿದ್ದೀರಿ? ನನ್ನಿಂದ್ಲೇ ತಾನೇ? ನನ್ನ ಮಗ ಏನು ಮಾಡ್ತಾನೆ ಅಂತ ನನಗೆ ಕಾಣ್ಬೇಕು. ಇನ್ನು ಗುಟ್ಟಿನ ವಿಷ್ಯ. ನೀವು ಹಾಕೋ ಚಡ್ಡಿ ಮೇಲೆ ಬಾತುಕೋಳಿ ಚಿತ್ರ ಇರುತ್ತೆ ಅಂತ ನನಗೆ ಎಷ್ಟೋ ವರ್ಷದಿಂದ ಗೊತ್ತು. ಇವತ್ತಿನವರೆಗೆ ಬಾಯಿ ಬಿಟ್ಟಿದ್ದೀನಾ?"

ಸಭೆಯೆಲ್ಲ ನಕ್ಕ ನಗುವಿನಲ್ಲಿ, ಅಧ್ಯಕ್ಷೆ ಮೇಜಿಗೆ ಕುಟ್ಟಿದ ಸುತ್ತಿಗೆಯ ಸದ್ದೇ ಕೇಳಿಸಲಿಲ್ಲ. ನಿಯಮ ಪಾಸಾಯಿತು. ಗೋಡೆಯ ಪಕ್ಕ ನನ್ನ ಮಗ ಮಾತ್ರ ನೆಲ ನೋಡುತ್ತಿದ್ದ. ನಾನು ಗೆದ್ದೆನೋ ಇಲ್ಲವೋ ತಿಳಿಯದೆ ಮನೆಗೆ ಬಂದೆ.

ನಿಯಮ ಜಾರಿಯಾದ ಮೇಲಿನ ಮೊದಲ ಶನಿವಾರ ಲಾಂಡ್ರಿ ತುಂಬ ಹೆಂಗಸರು. ಪಕ್ಕದ ಮನೆಯ ಚಾವಣಿ ಕೆಲಸ ಮಾಡುತ್ತಿದ್ದ, ಚೇಮಾನ ಹಾಗೇ ಕಾಗದಪತ್ರವಿಲ್ಲದ ಅಣ್ಣತಮ್ಮಂದಿರಿಬ್ಬರು ಏದುಸಿರು ಬಿಡುತ್ತ ನುಗ್ಗಿ ಡ್ರೈಯರುಗಳ ಹಿಂದೆ ಕುಕ್ಕರಿಸಿದರು. ಅವರ ಬೆನ್ನಿಗೇ ಮೂವರು ಪೊಲೀಸರು: ನನ್ನ ಮಗ, ವಿಯಾಲ್ಪಾಂದೊ, ಮತ್ತೆ ಬೇರೆ ಊರಿನಿಂದ ಬಂದು ನಮ್ಮ ಠಾಣೆಗೆ ಸೇರಿದ ಡ್ವಯರ್. ಮೂವರದೂ ಬರಿ ಮುಖ. ಮೂಗಿನಿಂದ ಮೇಲೆ ಬಿಸಿಲಿಗೆ ಸುಟ್ಟಿದೆ, ಕೆಳಗೆಲ್ಲ ಹಿಟ್ಟಿನ ಹಾಗೆ ಬಿಳಿಚಿಕೊಂಡಿದೆ.

"ಯಾರೂ ಅಲ್ಲಾಡ್ಬೇಡಿ!" ಎಂದು ಡ್ವಯರ್ ಗದರಿದ.

ನಮ್ಮ ಜನರಲ್ಲಿ, ನಾಲ್ಕು ಜನ ಇರುವಲ್ಲಿಗೆ ಕಾಲಿಟ್ಟರೆ ಒಬ್ಬೊಬ್ಬರನ್ನೂ ಕೈಹಿಡಿದು ಮಾತಾಡಿಸಬೇಕು. ಎಲ್ಲರಿಗೂ ಸೇರಿಸಿ ಒಮ್ಮೆ ಕೈ ಬೀಸಿದರೆ ಅಹಂಕಾರಿ ಅನ್ನುತ್ತಾರೆ. ಮದುವೆಯಾಗಲಿ, ಸಾವಿನ ಮನೆಯಾಗಲಿ, ಹಲ್ಲಿನ ಡಾಕ್ಟರ ಬೆಂಚಾಗಲಿ, ಬಿಡುವಂತಿಲ್ಲ. ಮುಖವೇ ಇಲ್ಲದವನಿಂದ ಯಾರೂ ಇದನ್ನು ಕೇಳುವುದಿಲ್ಲ. ಮುಖವಿದ್ದವನಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ.

"ರೊಹೇಲಿಯೊ," ಅಂದೆ, ಕೂತಲ್ಲಿಂದಲೇ. "ಒಳಗೆ ಬಂದವ್ರು ಹೀಗಾ ಇರೋದು? ನಾನೇನು ಕತ್ತೆ ಸಾಕಿದ್ನಾ?"

ಅವನ ಕಿವಿ ಕೆಂಪಾಯಿತು. ಬಂದು ನನ್ನ ಕೆನ್ನೆಗೆ ಮುತ್ತಿಟ್ಟ. ಪಕ್ಕದಲ್ಲಿ ರೆಫೂಹಿಯೊ ಅಜ್ಜಿ. "ಹೇಗಿದೀರಾ ಅಜ್ಜಿ? ಮಂಡಿ ನೋವು?" ಎಂದ. ಮಂಡಿ ನೋವಿನ ಬಗ್ಗೆ ಅಜ್ಜಿಯನ್ನು ಕೇಳುವುದೆಂದರೆ ತೂಬು ತೆಗೆದ ಹಾಗೆ. ಆ ಕಡೆ ವಿಯಾಲ್ಪಾಂದೊಗೆ ಅವನ ಸೋದರತ್ತೆಯೇ ಸಿಕ್ಕಿದಳು. "ಬಾರೋ, ಬಂದೂಕು ಬಂದ ತಕ್ಷಣ ಅತ್ತೆ ಕಣ್ಣಿಗೆ ಕಾಣಲ್ವಾ?" ಎಂದು ಅವನ ಕಾಲರು ಹಿಡಿದಳು. ಡ್ವಯರ್‌ನ ಕೈಗೆ ಯಾರೋ ಸಿಹಿ ಬನ್ನು ಕೊಟ್ಟರು. ಒಂದು ಕೈಯಲ್ಲಿ ಬನ್ನು, ಇನ್ನೊಂದರಲ್ಲಿ ವೈರ್‌ಲೆಸ್ಸು, ಪಾಪದವನು ಎರಡಕ್ಕೂ ಏನು ಹೇಳುವುದೆಂದು ತಿಳಿಯದೆ ನಿಂತ.

ಡ್ರೈಯರುಗಳ ಆಚೆ ಹಿಂಬಾಗಿಲು ಕಿರ್ ಎಂದಿತು. ಮಗನಿಗೂ ಕೇಳಿಸಿತು, ಅವನ ಕಣ್ಣು ಅತ್ತ ಹೊರಳಿದ್ದನ್ನು ನಾನು ಕಂಡೆ. ಅವನು ಅಜ್ಜಿಯ ಇನ್ನೊಂದು ಮಂಡಿಯ ಬಗ್ಗೆ ವಿಚಾರಿಸಿದ.

ನನಗೆ ಕೂಗಿ ನಗಬೇಕೆನಿಸಿತು. ಆದರೆ ಅವನು ಸಾಲಿನಲ್ಲಿ ಒಬ್ಬೊಬ್ಬರನ್ನೇ ಮುಗಿಸುತ್ತ ಕಿಟಕಿಯ ಪಕ್ಕಕ್ಕೆ ಬಂದ. ಅಲ್ಲಿ ಎವುಲಾಲಿಯಾ ಟವೆಲ್ ಮಡಚುತ್ತಿದ್ದಳು. ಕೈ ಚಾಚಿದ. ಬಾಯಿ ತೆರೆದ. ಟವೆಲ್ಲುಗಳ ಮೇಲೆ ಕಣ್ಣಿಳಿಸಿದ.

"ಹೇಳಪ್ಪ," ಎಂದು ಅವಳು ಅವನ ಕೈ ಹಿಡಿದಳು. "ಎಲ್ಲರನ್ನೂ ಕೇಳ್ದೆ. ನನ್ನನ್ನೂ ಕೇಳು, ಹೇಗಿದೀಯ ಅಂತ."

ಅವನ ಗದ್ದ ನಡುಗತೊಡಗಿತು. ಹುಡುಗನಾಗಿದ್ದಾಗ ಹೂದಾನಿ ಒಡೆದು ಬಂದು ನಿಂತಾಗಲೂ ಮೊದಲು ಗದ್ದವೇ ನಡುಗುತ್ತಿತ್ತು. ನನಗೆ ಉತ್ತರ ಸಿಕ್ಕಿಬಿಟ್ಟಿತು. ಕೇಳಿ ಕೇಳಿ ಬೇಡಿಕೊಂಡಿದ್ದ ಉತ್ತರ, ಸಿಗದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ನಾನೂ ಇದ್ದೆ ಚಿಕ್ಕಮ್ಮ," ಎಂದ.

ಇನ್ನೊಂದು ಕೈಯಲ್ಲಿದ್ದ ಟವೆಲ್ಲನ್ನು ಎವುಲಾಲಿಯಾ ಮೆಷಿನ್ನಿನ ಮೇಲಿಟ್ಟಳು.

"ಎಲ್ಲಿಟ್ಟಿದ್ದೀರಿ?" ಎವುಲಾಲಿಯಾ ಕೂಗಾಡಲಿಲ್ಲ, ಕೈಯನ್ನೂ ಬಿಡಲಿಲ್ಲ.

"ರೊಹೇಲಿಯೊ, ಬಾಯ್ಮುಚ್ಚು," ಎಂದ ಡ್ವಯರ್.

"ಮರುಭೂಮಿ ಕಡೆ ಇರೋ ಹೊಸ ಸೆರೆಮನೇಲಿ. ಅರಿಯಾಗಾ ಅಂತ ಕೇಳಿದ್ರೆ ಸಿಗಲ್ಲ ಚಿಕ್ಕಮ್ಮ. ಬುಸ್ತೋಸ್ ಅಂತ ಕೇಳ್ಬೇಕು. ಚೇಮಾ ಅರಿಯಾಗಾ ಬುಸ್ತೋಸ್ ಅಂದಾಗ ಅವ್ರು ಕೊನೇದನ್ನೇ ಮನೆತನದ ಹೆಸರು ಅಂದ್ಕೊಂಡು ಬರ್ಕೊಂಡ್ರು. ತಪ್ಪು ಅಂತ ನನಗೆ ಗೊತ್ತಿತ್ತು. ಪಕ್ಕದಲ್ಲೇ ಇದ್ದೆ. ಹೇಳ್ಲಿಲ್ಲ."

ನಮ್ಮಲ್ಲಿ ಅಪ್ಪನ ಮನೆತನ ಮೊದಲು, ಅಮ್ಮನದು ಆಮೇಲೆ. ಇದು ಹಾಲುಗಲ್ಲದ ಮಗುವಿಗೂ ಗೊತ್ತು. ಬಟ್ಟೆಯ ಹಿಂದೆ ನಿಂತು ನನ್ನ ಮಗ ಅಷ್ಟನ್ನೂ ಬಾಯಿ ಬಿಟ್ಟು ಹೇಳಿರಲಿಲ್ಲ. ಚೇಮಾ ತನ್ನ ತಾಯಿಯ ಹೆಸರಿನಲ್ಲಿ ಅಲ್ಲಿ ಕೂತಿದ್ದ, ಹೆಂಡತಿ ಇಲ್ಲಿ ಅವನ ಅಪ್ಪನ ಹೆಸರಿನಲ್ಲಿ ಊರೂರು ಹುಡುಕುತ್ತಿದ್ದಳು, ನಾನು ಮೂಲಂಗಿ ಬಡಿಸುತ್ತಿದ್ದೆ. ಎದ್ದು ಹೋಗಿ, ಬಿಳಿಚಿಕೊಂಡ ಆ ಕೆನ್ನೆಗೆ ಬಾರಿಸಲು ಕೈ ಎತ್ತಿದೆ. ಅವನು ತಪ್ಪಿಸಿಕೊಳ್ಳಲಿಲ್ಲ, ಮುಖವನ್ನು ಹಾಗೇ ಒಡ್ಡಿ ನಿಂತ. ಅವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಎವುಲಾಲಿಯಾ ಇನ್ನೊಂದು ಕೈಯಿಂದ ನನ್ನ ಮುಂಗೈ ಹಿಡಿದಳು.

"ಆಮೇಲೆ ಹೊಡಿ ಓಫೆಲಿಯಾ," ಅಂದಳು. "ಮೊದ್ಲು ಇವನು ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗ್ಲಿ. ದಾರಿ ಗೊತ್ತಿರೋದು ಇವನಿಗೇ."