ಹನ್ನೊಂದು ಕಡೆ ಈಶ್ವರಮ್ಮ

ರೆಕಾರ್ಡಿಂಗ್ ಕೆಟ್ಟಿದೆ ಎಂದು ತರೀಕೆರೆಯಿಂದ ಮುನೀರ್ ಪಾಷಾ ಫೋನು ಮಾಡಿದಾಗ ನನ್ನ ಬಾಯಿಂದ ಮೊದಲು ಬಂದದ್ದು, "ನೀವೇ ಮಧ್ಯದಲ್ಲಿ ಮೆಮೊರಿ ಕಾರ್ಡು ಕಿತ್ತಿರ್ತೀರಿ ಸಾಬ್ರೇ" ಎಂಬ ಮಾತು.

"ಕಾರ್ಡು ಮುಟ್ಟೇ ಇಲ್ಲ ಮೇಡಂ."

"ಹಂಗಾದ್ರೆ ಬ್ಯಾಟರಿ ಸರಿಯಾಗಿ ಚಾರ್ಜ್ ಮಾಡಿಲ್ಲ."

ಮೂವತ್ತು ವರ್ಷದಿಂದ ಮೈಕ್‌ಸೆಟ್ ನಡೆಸುತ್ತಿರುವ ಮನುಷ್ಯ ಅವರು. ಫೋನಿಟ್ಟುಬಿಟ್ಟರು.

ರೆಕಾರ್ಡರ್ ನಾನು ಮಾಡಿದ್ದು. ನಾನು ಕಡೂರಿನಲ್ಲಿ ಪಾಲಿಟೆಕ್ನಿಕ್ ಮಕ್ಕಳಿಗೆ ಪಾಠ ಹೇಳುವವಳು. ಎರಡು ಬೇಸಿಗೆ ರಜೆ ಕೂತು ಅದರ ಪುಟ್ಟ ಆಪರೇಟಿಂಗ್ ಸಿಸ್ಟಮ್ಮನ್ನೂ, ಕಾರ್ಡಿನಲ್ಲಿ ಫೈಲುಗಳಿಗೆ ಜಾಗ ಹಂಚುವ ಕೋಡನ್ನೂ ನಾನೇ ಬರೆದಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅದಕ್ಕೆ ಎರಡು ಕಾಲರ್ ಮೈಕು, ಒಂದೊಂದಕ್ಕೆ ಒಂದೊಂದು ಫೈಲು. ದನಿ ಬಿದ್ದಾಗ ಮಾತ್ರ ಬರೆಯುತ್ತದೆ, ಸುಮ್ಮನಿದ್ದಾಗ ಜಾಗ ಉಳಿಸುತ್ತದೆ.

ಅದನ್ನು ಪಾಷಾ ಕೈಲಿ ಸಿಂಗಟಗೆರೆಗೆ ಕಳಿಸಿದ್ದು ಕಾಮಾಕ್ಷಮ್ಮನ ಸೋಬಾನೆ ಹಾಡಿಗಾಗಿ. ಹೆಣ್ಣನ್ನು ಹಸೆಗೆ ಕರೆಯುವ ಆ ಉದ್ದದ ಹಾಡು ಪೂರ್ತಿ ಬರುತ್ತಿದ್ದುದು ಅವರೊಬ್ಬರಿಗೇ. ಗಂಟಲಲ್ಲಿ ಗಡ್ಡೆಯಾಗಿತ್ತು. ಆಪರೇಷನ್ನಿಗೆ ಎರಡು ದಿನ ಮೊದಲು ಅವರು ಮುಕ್ಕಾಲು ಗಂಟೆ ಹಾಡಿದರು, ತಂಗಿ ಈಶ್ವರಮ್ಮ ಪಕ್ಕದಲ್ಲಿ ಕೂತು ಪ್ರತಿ ಸಾಲನ್ನೂ ತಿರುಗಿ ಹೇಳಿದರು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದರು. ಈಗ ಫೈಲು ಹಾಕಿದರೆ ಕಾಮಾಕ್ಷಮ್ಮನ ಸಾಲು ಕೆಲವು ಕಡೆ ನಡುವೆಯೇ ತುಂಡಾಗಿ ಈಶ್ವರಮ್ಮ ಕೇಳಿಸುತ್ತಿದ್ದರು. ಇನ್ನೊಮ್ಮೆ ಹಾಡಿಸೋಣ ಎನ್ನುವಂತಿರಲಿಲ್ಲ.

ಪಾಷಾ ಕಳಿಸಿಕೊಟ್ಟ ಯಂತ್ರವನ್ನು ಮೂರು ದಿನ ಪರೀಕ್ಷೆ ಮಾಡಿದೆ. ಒಂದು ಮೈಕಿಗೆ "ಹಲೋ, ಒಂದು, ಎರಡು" ಎಂದೆ, ಆಮೇಲೆ ಇನ್ನೊಂದಕ್ಕೆ. ಎಲ್ಲ ಸರಿಯಾಗಿತ್ತು. ನಲವತ್ತು ಪಾಠ ರೆಕಾರ್ಡ್ ಮಾಡಿದ ಯಂತ್ರವದು, ಒಂದು ಕ್ಷಣವೂ ತಪ್ಪಿದ್ದಿಲ್ಲ. ಪಾಷಾ ಮೇಲಿನ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ನಾಲ್ಕನೆಯ ದಿನ ಕಾರ್ಡನ್ನೇ ಕಂಪ್ಯೂಟರಿಗೆ ಹಾಕಿ ಬಿಡಿಸಿ ನೋಡಿದೆ. ಕಾರ್ಡೆಂದರೆ ಸಾವಿರಾರು ಸಣ್ಣ ಖಾನೆಗಳು, ಅವಕ್ಕೆ ಬ್ಲಾಕ್ ಎನ್ನುತ್ತೇವೆ. ಯಾವುದು ಖಾಲಿ, ಯಾವುದು ಭರ್ತಿ ಎಂಬುದಕ್ಕೆ ಒಂದು ಪಟ್ಟಿ ಇರುತ್ತದೆ. ಒಂದು ಬ್ಲಾಕು ಒಂದೇ ಫೈಲಿಗೆ ಸೇರಬೇಕು. ಇಲ್ಲಿ ಹನ್ನೊಂದು ಬ್ಲಾಕುಗಳು ಅಕ್ಕನ ಫೈಲಿನಲ್ಲೂ ಇದ್ದವು, ತಂಗಿಯ ಫೈಲಿನಲ್ಲೂ ಇದ್ದವು. ಕಾರ್ಡು ಕಿತ್ತರೆ ಹೀಗಾಗುವುದಿಲ್ಲ.

ಎರಡೂ ಫೈಲುಗಳನ್ನು ಒಟ್ಟಿಗೆ ಹಾಕಿ ಹೆಡ್‌ಫೋನಿನಲ್ಲಿ ಕೇಳಿದೆ. ಆಗ ಗೊತ್ತಾಯಿತು, ಈಶ್ವರಮ್ಮ ಕಾಯುವುದೇ ಇಲ್ಲ. ಸೋಬಾನೆಯಲ್ಲಿ ಹಾಡು ನಡುವೆ ನಿಲ್ಲಬಾರದು, ಮೊದಲು ಹಾಡುವವರ ಉಸಿರು ಮುಗಿಯುವ ಹೊತ್ತಿಗೆ ತಿರುಗಿ ಹೇಳುವವರು ಸಾಲನ್ನು ಎತ್ತಿಕೊಳ್ಳಬೇಕು. ಈಶ್ವರಮ್ಮ ಇನ್ನೂ ಒಂದು ಹೆಜ್ಜೆ ಮುಂದೆ, ಅಕ್ಕನ ಬಾಯಲ್ಲಿ ಸಾಲಿರುವಾಗಲೇ ಬಾಯಿ ಹಾಕುತ್ತಿದ್ದರು. ಅಲ್ಲಲ್ಲಿ 'ಚಟ್' ಎಂಬ ಸದ್ದು. ಅದು ಅವಸರ ಮಾಡಿದ ತಂಗಿಯ ತೊಡೆಗೆ ಅಕ್ಕ ಕೊಟ್ಟ ಏಟು ಎಂದು ಪಾಷಾ ಆಮೇಲೆ ಹೇಳಿದರು.

ನನ್ನ ಕೋಡು ಮೊದಲು ಪಟ್ಟಿ ನೋಡಿ, ಖಾಲಿ ಬ್ಲಾಕು ಆರಿಸಿ, ಆಮೇಲೆ ಗುರುತು ಹಾಕುತ್ತಿತ್ತು. ನೋಡುವುದಕ್ಕೂ ಗುರುತಿಗೂ ನಡುವೆ ಕೂದಲೆಳೆಯಷ್ಟು ಹೊತ್ತು. ಇಬ್ಬರ ದನಿಯೂ ಒಟ್ಟಿಗೆ ಬಿದ್ದಾಗ ಆ ಸಂದಿಯಲ್ಲಿ ಎರಡನೆಯ ಮೈಕಿನ ಫೈಲೂ ಪಟ್ಟಿ ನೋಡಿ ಅದೇ ಬ್ಲಾಕನ್ನು ಹಿಡಿಯುತ್ತಿತ್ತು. ಕೊನೆಗೆ ಬರೆದವರದೇ ಉಳಿಯುವುದು, ಇಲ್ಲಿ ಹಿಂದಿನಿಂದ ನುಗ್ಗಿದ ತಂಗಿಯದು. ನಾನು ಒಬ್ಬಳೇ ಕೂತು ಪರೀಕ್ಷೆ ಮಾಡಿದ್ದೆ, ಒಂದೇ ಬಾಯಿ ತನಗೆ ತಾನೇ ಅಡ್ಡ ಬರುವುದು ಹೇಗೆ? ಇನ್ನು ಪಾಠದಲ್ಲಿ, ನಾನು ಮಾತಾಡುವಾಗ ನಡುವೆ ಬಾಯಿ ತೆರೆಯುವ ಧೈರ್ಯ ನನ್ನ ವಿದ್ಯಾರ್ಥಿಗಳಿಗಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಾನು ಪಾಷಾ ಸಾಬರನ್ನು ಬೈದಿದ್ದೆ. ನಾಚಿಕೆಯಾಯಿತು.

ಒಬ್ಬರು ಗುರುತು ಹಾಕಿ ಮುಗಿಸುವವರೆಗೆ ಇನ್ನೊಬ್ಬರು ಕಾಯುವಂತೆ ತಿದ್ದಿದೆ. ನಾಲ್ಕು ಸಾಲಿನ ಕೆಲಸ. ಪಾಷಾಗೆ ಫೋನು ಮಾಡಿ ವಿವರಿಸಿದೆ.

"ಓ, ಕಡೂರ್ ಬಸ್‌ಸ್ಟ್ಯಾಂಡಲ್ಲಿ ಎರಡು ಕಿಟಕಿಯಿಂದ ಒಂದೇ ಸೀಟಿಗೆ ಟವೆಲ್ ಹಾಕ್ದಂಗೆ."

"ಹೌದು. ನಿಮ್ಮ ಮೇಲೆ ಗೂಬೆ ಕೂರಿಸಿದ್ದು ತಪ್ಪಾಯ್ತು ಸಾಬ್ರೇ."

"ಅದಿರ್ಲಿ ಬಿಡಿ ಮೇಡಂ. ಹೋಗಿರೋ ದನಿ ವಾಪಸ್ ಬತ್ತದಾ?"

ಬರುವುದಿಲ್ಲ. ಹಾಡಿನ ಮಾತುಗಳೇನೋ ಉಳಿದಿದ್ದವು, ತಂಗಿ ಅದೇ ಸಾಲನ್ನು ಪೂರ್ತಿ ತಿರುಗಿ ಹೇಳುತ್ತಿದ್ದರಲ್ಲ. ಅಕ್ಕನ ದನಿ ಮಾತ್ರ ಆ ಹನ್ನೊಂದು ಕಡೆ ಇಲ್ಲ. ಇದನ್ನು ಅವರ ಮುಂದೆಯೇ ಹೇಳಬೇಕಿತ್ತು.

ಭಾನುವಾರ ಇಬ್ಬರೂ ಸಿಂಗಟಗೆರೆಗೆ ಹೋದೆವು. ಕಾಮಾಕ್ಷಮ್ಮ ಕತ್ತಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಈಶ್ವರಮ್ಮ. ಆದದ್ದನ್ನೆಲ್ಲ ಹೇಳಿದೆ, ಹನ್ನೊಂದು ಕಡೆ ದನಿ ಹೋಗಿದೆ ಎಂಬುದನ್ನೂ. ಕಾಮಾಕ್ಷಮ್ಮ ನನ್ನ ಮುಖವನ್ನೇ ನೋಡಿ, ಹಾಕು ಎಂದು ಕೈ ಮಾಡಿದರು.

ಪಾಷಾ ಸ್ಪೀಕರ್ ಹಚ್ಚಿದರು. ತಮ್ಮದೇ ದನಿ ಕೇಳುತ್ತ ಕಾಮಾಕ್ಷಮ್ಮನ ತುಟಿ ಆಡತೊಡಗಿತು. ಮೊದಲನೆಯ ಜಾಗ ಬಂತು. ಏರುತ್ತಿದ್ದ ಸಾಲು ತುಂಡಾಗಿ ಈಶ್ವರಮ್ಮ ನುಗ್ಗಿದರು. ಕಾಮಾಕ್ಷಮ್ಮನ ಕೈ ತಾನಾಗಿ ಎದ್ದು ತಂಗಿಯ ತೊಡೆಗೆ ಬಿತ್ತು, ಚಟ್.

ನನಗೆ ತಡೆಯಲಾಗಲಿಲ್ಲ. "ಅಜ್ಜಿ, ಅವರ ತಪ್ಪಲ್ಲ. ತಪ್ಪು ನನ್ನದು."

"ನೀನ್ ಸುಮ್ಕಿರವ್ವ," ಎಂದು ಈಶ್ವರಮ್ಮ ಕಣ್ಣೊರೆಸಿಕೊಂಡು ಅಕ್ಕನ ಕೈಗೆ ಇನ್ನಷ್ಟು ಹತ್ತಿರ ಸರಿದು ಕೂತರು. "ಇನ್ನೂ ಹತ್ತು ಅವೆ ಅಂದ್ಯಲ್ಲ. ಹಾಕು, ಹೊಡೀಲಿ."